ವಾರಕ್ಕೆ ಎರಡು ಸಂಗೀತ ಪೀರಿಯಡ್ ಬದಲು ಒಂದೇ ಡಬಲ್ ಪೀರಿಯಡ್ ಕೊಡ್ತಾರಂತೆ, ಒಪ್ಪಿಕೊಳ್ಳಲಾ?

ನಿಮಗೆ ಅವರಾಗಿಯೇ ಕೊಡುತ್ತಿದ್ದಾರೆ. ನಾನು ಹೆಡ್‌ಮಾಸ್ಟರ ಹಿಂದೆ ಬಿದ್ದು ಕೇಳಿ ತಗೊಂಡವನು.

ಹನ್ನೊಂದು ವರ್ಷದ 12 ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಿದ್ದೆ. ಸೋಮವಾರ 45 ನಿಮಿಷ, ಗುರುವಾರ 45. ಮಕ್ಕಳು ಬಂದು ಪೆಟ್ಟಿಗೆ ಬಿಚ್ಚಿ, ಕಮಾನಿಗೆ ರಾಳ ತಿಕ್ಕಿ, ನಾನು 48 ತಂತಿ ಶ್ರುತಿ ಮಾಡಿ ಮುಗಿಸುವಷ್ಟರಲ್ಲಿ 15 ನಿಮಿಷ ಮಾಯ. ವಾರಕ್ಕೆ 30 ನಿಮಿಷ ದಂಡ. ಎರಡನ್ನೂ ಸೇರಿಸಿದರೆ ಶ್ರುತಿ ಒಂದೇ ಸಲ, ಪಾಠಕ್ಕೆ 60ರ ಬದಲು 75 ನಿಮಿಷ. ಹಾಳೆಯ ಮೇಲೆ ಬರೆದು ತೋರಿಸಿದೆ. ಅವರೂ ತಲೆಯಾಡಿಸಿದರು.

ಬೇರೆ ವಿಷಯಗಳೆಲ್ಲ ಕೂತಾದ ಮೇಲೆ ಪಕ್ಕಪಕ್ಕ ಖಾಲಿ ಉಳಿದದ್ದು ಶುಕ್ರವಾರದ ಕೊನೆಯ ಎರಡು ಪೀರಿಯಡ್. ಆಗಲೇ ಅನುಮಾನ ಬರಬೇಕಿತ್ತು. ಪಂದ್ಯ, ಸಭೆ, ಬೇಗ ಬಿಡುವುದು, ಎಲ್ಲ ಬಂದು ಬೀಳುವುದು ಶುಕ್ರವಾರ ಮಧ್ಯಾಹ್ನಕ್ಕೇ. ಮೊದಲು ಒಂದು ಕ್ಲಾಸ್ ತಪ್ಪಿದರೆ ಏಳು ದಿನದ ಅಂತರ, ಈಗ ಹದಿನಾಲ್ಕು. ಎರಡು ವಾರ ಪೆಟ್ಟಿಗೆಯಲ್ಲೇ ಇದ್ದ ಪಿಟೀಲಿನ ತಂತಿ ಎಷ್ಟು ಇಳಿದಿರುತ್ತದೋ, ಮಕ್ಕಳ ಕೈಯೂ ಅಷ್ಟೇ ಇಳಿದಿರುತ್ತಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ನಾನು ಗಳಿಸಿದ ಆ ನಿಮಿಷಗಳಿಂದಲೇ ಬಿತ್ತು. ಒಬ್ಬ ಹುಡುಗಿ ಕಮಾನಿನ ಮೇಲೆ ಕಿರುಬೆರಳನ್ನು ಚೆನ್ನಾಗಿ ಬಾಗಿಸಿ ಇಡುತ್ತಿದ್ದಳು. ಐವತ್ತನೇ ನಿಮಿಷದ ಹೊತ್ತಿಗೆ ಅದು ಕಡ್ಡಿಯ ಹಾಗೆ ನೆಟ್ಟಗಾಗಿ, ಹೆಬ್ಬೆರಳು ಒತ್ತಿ, ಮಣಿಕಟ್ಟು ಬಿಗಿಯುತ್ತಿತ್ತು. ಸುಸ್ತಾದ ಕೈಗೆ ಇನ್ನೂ ನಲವತ್ತು ನಿಮಿಷ ನಾನೇ ಕೂತು ತಪ್ಪು ಅಭ್ಯಾಸ ಮಾಡಿಸಿದೆ. ಕೊನೆಗೆ ಅವಳು ಮನೆಗೆ ಒಯ್ಯುತ್ತಿದ್ದದ್ದು ಆ ಬಿಗಿ ಹಿಡಿತವನ್ನ. ಅದನ್ನು ಬಿಡಿಸಲು ಮುಂದಿನ ವರ್ಷದ ಅರ್ಧ ಹೋಯಿತು.

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಲೆಕ್ಕ ಇಟ್ಟಿದ್ದ. ಒಂದೇ ದಿನ 68 ಸಲ ಹೇಳಿಕೊಂಡದ್ದೂ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡದ್ದೂ ಒಂದೇ ಫಲ ಕೊಟ್ಟವು. ಇದು ಅಚ್ಚಾದದ್ದು 1885ರಲ್ಲಿ. ನಾನು ಓದಿದ್ದು ಕೆಡಿಸಿಕೊಂಡ ಮೇಲೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುತ್ತಿಲ್ಲ. 45 ಮತ್ತು 45ಓ, ಒಟ್ಟಿಗೆ 90ಓ ಅಂತ ನಿಮಿಷ ಎಣಿಸಬೇಡಿ, ವಾರದಲ್ಲಿ ಎಷ್ಟು ದಿನ ಮಕ್ಕಳ ಕೈಗೆ ವಾದ್ಯ ಸಿಗುತ್ತದೆ ನೋಡಿ. 30 ನಿಮಿಷದ ಮೂರು ಪೀರಿಯಡ್ ಕೇಳಿ. ಆಗ ಶ್ರುತಿಗೇ ಅರ್ಧ ಹೋಗುತ್ತದಲ್ಲ ಅಂತೀರಾ? ಊಟದ ಬಿಡುವಿನಲ್ಲೇ ವಾದ್ಯಗಳಿರುವ ರೂಮಿಗೆ ಹೋಗಿ ತಂತಿಗಳನ್ನು ಶ್ರುತಿ ಮಾಡಿಟ್ಟುಕೊಳ್ಳಿ. ನನಗೆ ಈ ಸರಳ ಉಪಾಯ ಹೊಳೆಯಲೇ ಇಲ್ಲ, ಸೀದಾ ಟೈಮ್‌ಟೇಬಲ್ಲಿಗೇ ಕೈ ಹಾಕಿದೆ. ದೊಡ್ಡ ಮಕ್ಕಳ ವಾದ್ಯವೃಂದಕ್ಕೆ, ಕಾರ್ಯಕ್ರಮ ಹತ್ತಿರ ಬಂದಾಗ 90 ನಿಮಿಷ ಬೇಕೇ ಬೇಕು, ಅದು ಬೇರೆ ಮಾತು.

ಇನ್ನೊಂದು. ಒಂದು ವರ್ಷ ನೋಡೋಣ, ಆಗದಿದ್ದರೆ ಬದಲಾಯಿಸೋಣ ಅಂತ ಅವರು ಅನ್ನಬಹುದು. ನನಗೂ ಹಾಗೇ ಅಂದಿದ್ದರು. ಮರುವರ್ಷ ಸೋಮವಾರದ ಪೀರಿಯಡ್ ವಾಪಸ್ ಕೇಳಲು ಹೋದಾಗ ಅಲ್ಲಿ ಕಂಪ್ಯೂಟರ್ ಕ್ಲಾಸ್ ಕೂತಿತ್ತು.