ಉಪಗ್ರಹವಿರುವಾಗ ಬಲೂನು ಏಕೆ?

ಪ್ರಶ್ನೆ: ಉಪಗ್ರಹಗಳಿದ್ದರೂ ಹವಾಮಾನ ಇಲಾಖೆ ಇನ್ನೂ ಬಲೂನು ಹಾರಿಸುವುದೇಕೆ? – ಓದುಗರೊಬ್ಬರು, ಉಡುಪಿ

ಉತ್ತರ: ಉಪಗ್ರಹಕ್ಕೆ ಗಾಳಿ ಕಾಣುವುದಿಲ್ಲ, ಮೋಡವೂ ನೀರಾವಿಯೂ ಕಾಣುತ್ತವೆ. ಇನ್ಸಾಟ್ ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ಕಳಿಸುವ ಚಿತ್ರಗಳಲ್ಲಿ ಅದೇ ಮೋಡ ಎಷ್ಟು ದೂರ ಸರಿಯಿತೆಂದು ನೋಡಿ ಗಾಳಿಯ ವೇಗ ಲೆಕ್ಕ ಹಾಕುತ್ತಾರೆ. ಮೋಡದ ಎತ್ತರವನ್ನು ಮಾತ್ರ ಅದರ ಉಷ್ಣತೆಯಿಂದ ಅಂದಾಜು ಮಾಡಬೇಕು. ತಪ್ಪು ನುಸುಳುವುದು ಅಲ್ಲಿಯೇ.

ಬಲೂನು ಗಾಳಿಯೊಳಗೇ ತೇಲುತ್ತದೆ. ಮಂಗಳೂರಿನಲ್ಲಿ ನಸುಕಿಗೆ ನಾನು ಜಲಜನಕ ತುಂಬಿ ಬಿಡುತ್ತಿದ್ದ ಬಲೂನು ಮಳೆಗಾಲದಲ್ಲಿ ಮೊದಲು ಘಟ್ಟದತ್ತ ಓಡುತ್ತಿತ್ತು. ಸುಮಾರು 15 ಕಿ.ಮೀ. ಮೇಲೆ, ಪೂರ್ವದ ಬಿರುಗಾಳಿಗೆ ಸಿಕ್ಕಿ, ಕಡಲಿನತ್ತ ತಿರುಗುತ್ತಿತ್ತು. ಒಂದೇ ಏರಿಕೆಯಲ್ಲಿ ಮುಂಗಾರಿನ ಎರಡು ಮುಖ! ಅದನ್ನು ಕಂಡ ನಾನು ಬಲೂನು ಬೇಡವೆಂದು ಎಂದಿಗೂ ಹೇಳಲಾರೆ.