ಹೋಟೆಲಿನಲ್ಲಿ ನೈಟ್ ಆಡಿಟರ್ ಅಂದ್ರೆ ಸುಮ್ನೆ ಕೂರುವ ಕೆಲಸವಾ?

ಬಿ.ಕಾಂ ಮುಗಿಸಿದ್ದೀರಿ, ಚಿಕ್ಕಬಳ್ಳಾಪುರದಲ್ಲೇ ನೈಟ್ ಆಡಿಟರ್ (ರಾತ್ರಿ ಕೂತು ಹೋಟೆಲಿನ ದಿನದ ಲೆಕ್ಕ ಮುಚ್ಚುವವರು) ಕೆಲಸ ಸಿಕ್ಕಿದೆ, ರಾತ್ರಿ ಆರಾಮಾಗಿ ಮಲಗಬಹುದಂತೆ, ಸೇರಲಾ ಅಂತ ಕೇಳಿದ್ದೀರಿ. ಖಂಡಿತ ಸೇರಿ. ಆದರೆ ನಿದ್ದೆಯ ಆಸೆ ಇಟ್ಟುಕೊಂಡು ಬೇಡ. ನಾನು ಇಲ್ಲೇ ಹೈವೇ ಪಕ್ಕದ ಹೋಟೆಲಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ.

ಮೊದಲು ಸಂಜೆ ಶಿಫ್ಟಿನವರಿಂದ ಕ್ಯಾಶ್ ಎಣಿಸಿ ತೆಗೆದುಕೊಳ್ಳಿ. ಅವರು ಎಷ್ಟೇ ಅವಸರ ಮಾಡಲಿ, ಎಣಿಸದೆ ಸಹಿ ಹಾಕಬೇಡಿ. ಹೆಚ್ಚಿನ ಹೋಟೆಲ್ ಸಾಫ್ಟ್‌ವೇರ್‌ಗಳಲ್ಲಿ ರಾತ್ರಿ 12 ಗಂಟೆಗೆ ತಾನಾಗಿ ತಾರೀಖು ಬದಲಾಗುವುದಿಲ್ಲ. ನೀವು ದಿನದ ಲೆಕ್ಕ ಮುಚ್ಚಿದರೆ ಮಾತ್ರ ಬದಲಾಗುತ್ತದೆ. ಅದಕ್ಕೂ ಮುಂಚೆ ಪ್ರತಿ ರೂಮಿನ ಬಿಲ್ಲಿಗೂ ಆ ದಿನದ ಬಾಡಿಗೆ, ಟ್ಯಾಕ್ಸ್ ಸೇರಿಸಬೇಕು. ರೆಸ್ಟೋರೆಂಟ್ ಬಿಲ್, ಕಾರ್ಡ್ ಮೆಷಿನ್ನಿನ ಸೆಟಲ್‌ಮೆಂಟ್ ಚೀಟಿ (ಕಾರ್ಡಿನಲ್ಲಿ ಬಂದ ಒಟ್ಟು ಹಣದ ಚೀಟಿ), ಯುಪಿಐ ಎಲ್ಲ ಸಾಫ್ಟ್‌ವೇರ್‌ನ ಲೆಕ್ಕಕ್ಕೆ ತಾಳೆ ಆಗಬೇಕು.

ಜಾಸ್ತಿ ಹೊತ್ತು ಹಿಡಿಯುವುದು ಯುಪಿಐ. ರೂಮಿನ ಅಡ್ವಾನ್ಸನ್ನು ಗಿರಾಕಿ ರೆಸ್ಟೋರೆಂಟಿನ ಕ್ಯೂಆರ್‌ಗೆ ಹಾಕಿರುತ್ತಾರೆ. ಒಟ್ಟು ಮೊತ್ತ ಸರಿ ಇರುತ್ತದೆ, ಆದರೆ ಇತ್ತ ರೂಮಿನ ಬಾಕಿ ಹಾಗೇ ಉಳಿದಿರುತ್ತದೆ. ಬೆಳಿಗ್ಗೆ ಅವರನ್ನೇ ಮತ್ತೆ ದುಡ್ಡು ಕೇಳಿದರೆ ಎಷ್ಟು ಬೇಜಾರಾಗುತ್ತದೆ, ಅಲ್ವಾ? ಅದಕ್ಕೇ ಒಂದೊಂದು ಪಾವತಿಯನ್ನೂ ಟೈಮ್ ನೋಡಿ ಹುಡುಕಿ. ಹತ್ತು ರೂಪಾಯಿ ವ್ಯತ್ಯಾಸವನ್ನೂ ನಾಳೆಗೆ ತಳ್ಳಬೇಡಿ. ನಾಳೆ ಅದು ಇನ್ನೊಂದು ವ್ಯತ್ಯಾಸದ ಜೊತೆ ಸೇರಿದರೆ ಎರಡೂ ಸಿಗುವುದಿಲ್ಲ.

ಟ್ಯಾಕ್ಸ್ ದರವನ್ನೂ ಒಮ್ಮೆ ಪರೀಕ್ಷಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದಕ್ಕಿಂತ ಹೆಚ್ಚಿನ ಬಾಡಿಗೆಗೆ ಶೇ 18. ವಿದೇಶಿಯರು ಬಂದರೆ ಅವರ ಪಾಸ್‌ಪೋರ್ಟ್, ವೀಸಾ ವಿವರ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ಹೋಗಬೇಕು.

ನಮ್ಮೂರಿನಲ್ಲಿ ಇನ್ನೊಂದು ವಿಷಯ ಇದೆ. ಶನಿವಾರ, ಭಾನುವಾರ ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡುವವರು ನಸುಕಿನಲ್ಲೇ ಎದ್ದು ಹೊರಡುತ್ತಾರೆ. ಒಬ್ಬರಿಗೆ ಬಿಲ್, ಒಬ್ಬರಿಗೆ ಕಾಫಿ, ಇನ್ನೊಬ್ಬರ ಕಾರಿಗೆ ಅಡ್ಡ ನಿಂತ ಕಾರು! ರಾತ್ರಿ ಮೂರು ಗಂಟೆ ಹೊಡೆಯುವ ಮೊದಲೇ ಲೆಕ್ಕ ಮುಚ್ಚಿದ್ದರೆ ಇದೆಲ್ಲ ನಗುನಗುತ್ತಾ ಮಾಡಬಹುದು.

ನನಗೆ ಈ ಕೆಲಸ ತುಂಬಾ ಇಷ್ಟ. ಇಡೀ ಹೋಟೆಲಿನ ದುಡ್ಡು ಎಲ್ಲಿಂದ ಬಂತು, ಎಲ್ಲಿ ನಿಂತಿದೆ ಅಂತ ದಿನಾ ಕಣ್ಣಾರೆ ನೋಡುತ್ತೀರಿ. ಅಕೌಂಟ್ಸ್‌ನಲ್ಲಿ ಮುಂದೆ ಬರಬೇಕು ಅನ್ನುವವರಿಗೆ ಇದು ಒಳ್ಳೆಯ ಜಾಗ.

ಸೇರುವ ಮೊದಲು ಮ್ಯಾನೇಜರ್ ಹತ್ತಿರ ಎರಡು ವಿಷಯ ಕೇಳಿ. ಕ್ಯಾಶ್ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುತ್ತಾರಾ? ರಾತ್ರಿ ಜೊತೆಗೆ ಸೆಕ್ಯುರಿಟಿಯವರು ಇರುತ್ತಾರಾ? ಒಬ್ಬರನ್ನೇ ಕೂರಿಸುತ್ತೇವೆ ಅಂದರೆ ಒಪ್ಪಬೇಡಿ.