ಬೀದರ್ ಎಲೆ ಕೈಗೆ ಬಂದಾಗ

(ಮಗನ ಕಲಿಕೆಯ ವಿಷಯಕ್ಕೆ ಸಲಹೆ ಕೇಳಿ ನನ್ನ ಹತ್ತಿರ ಬಂದ ಒಂದು ಮನೆಯ ಕಥೆ ಇದು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ. ಊರು ಶಿವಮೊಗ್ಗ ಜಿಲ್ಲೆಯದ್ದು ಅಂದುಕೊಳ್ಳಿ. ಹುಡುಗನನ್ನು ಪುಟ್ಟ ಅನ್ನೋಣ.)

ಪುಟ್ಟ ಐದನೇ ಕ್ಲಾಸು. ಲೆಕ್ಕ ಚೆನ್ನಾಗಿ ಮಾಡುತ್ತಾನೆ, ನಕ್ಷೆ ಮುಂದಿಟ್ಟರೆ ಮಾತ್ರ "ನಂಗೆ ಬರಲ್ಲ" ಅಂತ ಎದ್ದು ಹೋಗುತ್ತಾನೆ. ಕಾರ್ಡ್ ಆಟದಲ್ಲಿ ಕಲಿಸಿದರೆ ಸುಲಭ ಅಂತ ಯಾರೋ ಹೇಳಿದ್ದರಂತೆ. ತಾಯಿ ರಾತ್ರಿಯೆಲ್ಲ ಕೂತು 31 ಜಿಲ್ಲೆಗೂ ಕಾರ್ಡ್ ಮಾಡಿದ್ದರು. ಒಂದು ಬದಿಗೆ ಜಿಲ್ಲೆಯ ಹೆಸರು, ಹಿಂದೆ ನದಿ, ಬೆಳೆ, ನೋಡುವ ಜಾಗ. ಮೂರೇ ದಿನ. ಆಮೇಲೆ ಆ ಡಬ್ಬಿ ಕಂಡರೆ ಸಾಕು, ಹುಡುಗ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಇತ್ತ ಅಜ್ಜಿಗೂ ಸಿಟ್ಟು: "ಈ ಮನೇಲಿ ಇಸ್ಪೀಟು ಕೂಡದು."

ನನ್ನೆದುರೇ ಒಮ್ಮೆ ಆಡಿ ಅಂದೆ. ತಾಯಿ ಒಂದೊಂದೇ ಕಾರ್ಡ್ ಎತ್ತಿ ಕೇಳುತ್ತಾ ಹೋದರು, ಕೊಪ್ಪಳದಲ್ಲಿ ಯಾವ ನದಿ, ಗದಗ ಎಲ್ಲಿದೆ. ಪುಟ್ಟ ಕಾರ್ಡ್ ನೋಡುತ್ತಿರಲಿಲ್ಲ, ಅಮ್ಮನ ಮುಖ ನೋಡುತ್ತಿದ್ದ. ಐದು ನಿಮಿಷದಲ್ಲಿ ತಾಯಿಯದು 14 ಪ್ರಶ್ನೆ, ಮಗನದು ಒಂದೂ ಇಲ್ಲ. ಆ ಆಟದಲ್ಲಿ ಅಮ್ಮ ಸೋಲುವ ದಾರಿಯೇ ಇರಲಿಲ್ಲ. ಅದು ನೆಲದ ಮೇಲೆ ಕೂತು ನಡೆಸುವ ಪರೀಕ್ಷೆ, ಅಷ್ಟೇ. ಇದನ್ನು ತಾಯಿಗೆ ಹೇಳುವಾಗ ನನಗೂ ಬೇಜಾರಾಯಿತು, ನಿದ್ದೆಗೆಟ್ಟು ಮಾಡಿದ ಕಾರ್ಡ್ ಅಲ್ವಾ. ಆದರೆ ಹೇಳಲೇಬೇಕಿತ್ತು.

ಅಜ್ಜಿಯ ಹತ್ತಿರ ಬೇರೆಯಾಗಿ ಮಾತಾಡಿದೆ. ಅವರ ಅಣ್ಣ ಇಸ್ಪೀಟಿನಲ್ಲಿ ಗದ್ದೆ ಕಳೆದವರು. ಎಲೆ ಹಂಚುವ ಸದ್ದು ಕೇಳಿದರೇ ಅವರಿಗೆ ಎದೆ ಡವಡವ ಅನ್ನುತ್ತದೆ. ಅವರ ಹೆದರಿಕೆಗೆ ಕಾರಣವಿದೆ, ಅದನ್ನು ಹಳೇ ಕಾಲದವರ ಹಠ ಅಂತ ತಳ್ಳಿಹಾಕುವುದು ತಪ್ಪು. ಹಾಗಾಗಿ ವಾದಕ್ಕೆ ಹೋಗಲಿಲ್ಲ. ಯಾವ ಷರತ್ತಿಗೆ ಒಪ್ಪುತ್ತೀರಿ ಅಂತ ಕೇಳಿದೆ. ದುಡ್ಡು ಇಡಬಾರದು, ನೋಡಲು ಇಸ್ಪೀಟಿನ ಹಾಗೆ ಇರಬಾರದು ಅಂದರು. ಮನೆಯಲ್ಲಿದ್ದ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹೊಸ ಕಾರ್ಡ್ ಮಾಡಲು ಹೇಳಿದೆ. ಬರೆಯುವ ಕೆಲಸ ಪುಟ್ಟನದೇ. ಒಂದು ಕಾರ್ಡಿಗೆ ಒಂದೇ ಹೆಸರು, ಬೇರೇನೂ ಬೇಡ.

ಆಟ ಹೀಗೆ. ಮೊದಲ ವಾರ 12 ಕಾರ್ಡ್ ಸಾಕು: ಶಿವಮೊಗ್ಗ, ಅದಕ್ಕೆ ತಾಗಿದ ಹಾವೇರಿ, ದಾವಣಗೆರೆ, ಚಿಕ್ಕಮಗಳೂರು, ಉಡುಪಿ, ಉತ್ತರ ಕನ್ನಡ, ಮತ್ತೆ ಇವುಗಳ ಅಕ್ಕಪಕ್ಕದ ಆರು. ಆಮೇಲೆ ನಿಧಾನಕ್ಕೆ ಪೂರ್ತಿ 31. ಕಲಸಿ ಹಂಚಿ, ಒಂದನ್ನು ನೆಲದ ಮೇಲೆ ಬಿಚ್ಚಿಡಿ. ಅದರ ಗಡಿ ಮುಟ್ಟುವ ಜಿಲ್ಲೆ ಕೈಯಲ್ಲಿದ್ದರೆ ಹಾಕಬೇಕು, ಇಲ್ಲದಿದ್ದರೆ ಕಟ್ಟಿನಿಂದ ಒಂದು ಎತ್ತಿಕೊಳ್ಳಬೇಕು. ಕೈ ಮೊದಲು ಖಾಲಿಯಾದವರು ಗೆದ್ದರು. ನಕ್ಷೆ ಪಕ್ಕದಲ್ಲೇ ಬಿಚ್ಚಿರಲಿ, ಯಾರು ಬೇಕಾದರೂ ನೋಡಬಹುದು.

"ನೋಡಿ ಆಡಿದರೆ ಕಲಿತ ಹಾಗಾಯ್ತಾ?" ಅಂತ ತಂದೆ ಕೇಳಿದರು. ಆಯ್ತು. ಪರೀಕ್ಷೆಗೆ ಬಾಯಿಪಾಠ ಮಾಡುವವನು ನಕ್ಷೆಯ ಹೆಸರು ಓದುತ್ತಾನೆ, ಗೆಲ್ಲಬೇಕು ಅಂತ ನೋಡುವವನು ಗಡಿ ಹುಡುಕುತ್ತಾನೆ. ತಂದೆತಾಯಿಗೆ ನಾನು ಕೊಟ್ಟ ಕಟ್ಟುನಿಟ್ಟಿನ ಮಾತು ಮೂರೇ. ಆಟದ ನಡುವೆ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಬೇಕಂತಲೇ ಸೋಲಬೇಡಿ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಮತ್ತೆ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಇನ್ನೊಂದಾಟ ಅಂತ ಅವನು ಗೋಗರೆದರೂ.

ಮುಂದಿನ ಸಲ ಬಂದಾಗ ಪುಟ್ಟ ಕೂರುವ ಮೊದಲೇ ಶುರುಮಾಡಿದ. ಬೀದರ್ ಕೈಗೆ ಬಂದರೆ ಕೆಟ್ಟೆವು ಅಂದ. ಯಾಕೋ ಅಂದೆ. "ಕರ್ನಾಟಕದೊಳಗೆ ಅದಕ್ಕೆ ಕಲಬುರಗಿ ಒಂದೇ ಪಕ್ಕದ್ದು. ಅದಕ್ಕೇ ನಾನು ಕಲಬುರಗಿ ಬಚ್ಚಿಟ್ಟುಕೊಳ್ತೀನಿ." ನಾಲ್ಕು ವಾರದ ಹಿಂದೆ ನಕ್ಷೆ ಕಂಡು ಅಳುತ್ತಿದ್ದ ಹುಡುಗ ಇವನೇನಾ ಅನಿಸಿತು.

ಒಂದು ಜಗಳವೂ ಆಗಿತ್ತಂತೆ. ಪುಟ್ಟ ದಾವಣಗೆರೆಯ ಮೇಲೆ ವಿಜಯನಗರ ಹಾಕಿದ. ಮನೆಯ ನಕ್ಷೆಯಲ್ಲಿ ಆ ಹೆಸರೇ ಇಲ್ಲ. ಬಳ್ಳಾರಿಯಿಂದ ಅದು ಬೇರೆಯಾದದ್ದು 2021ರಲ್ಲಿ, ನಕ್ಷೆ ಅದಕ್ಕಿಂತ ಹಳೆಯದು. ಗಲಾಟೆ ಕೇಳಿ ಅಜ್ಜಿ ಒಳಗಿನಿಂದ ಬಂದು, "ನನ್ನ ತವರು ಧಾರವಾಡ ಜಿಲ್ಲೆ ಇತ್ತು, ಈಗ ಹಾವೇರಿ ಅಂತಾರೆ" ಅಂದರಂತೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಉಡುಪಿ, ದಾವಣಗೆರೆಯೂ ಆಗಲೇ. ಅವತ್ತಿನಿಂದ ಅಜ್ಜಿ ಪಕ್ಕದಲ್ಲೇ ಕೂರುತ್ತಾರೆ. ಎಲೆ ಮುಟ್ಟುವುದಿಲ್ಲ, ಗಡಿ ತಕರಾರು ಬಂದರೆ ತೀರ್ಪು ಅವರದೇ.

ತಾಯಿಗೆ ಪರೀಕ್ಷೆಯ ಚಿಂತೆ ಹೋಗಿರಲಿಲ್ಲ, ಅದು ಸಹಜ. ವಾರಕ್ಕೊಮ್ಮೆ ಖಾಲಿ ನಕ್ಷೆ ಕೊಡಿ, ಗೊತ್ತಿರುವಷ್ಟು ತುಂಬಲಿ, ಆದರೆ ಆಟದ ದಿನ ಬೇಡ ಅಂದೆ.

ಹೊರಡುವಾಗ ಪುಟ್ಟ ಬಾಗಿಲಲ್ಲಿ ನಿಂತು ಕೇಳಿದ: ದೇಶದಲ್ಲಿ ಬೀದರ್ ತರಹದ ರಾಜ್ಯ ಯಾವುದು? ನಾನು ಹೇಳಲಿಲ್ಲ. ಎರಡು ದಿನ ಬಿಟ್ಟು ತಾಯಿಯ ಫೋನಿನಿಂದ ಅವನ ದನಿ ಬಂತು. "ಸಿಕ್ಕಿಂಗೆ ಪಶ್ಚಿಮ ಬಂಗಾಳ ಒಂದೇ, ಮೇಘಾಲಯಕ್ಕೆ ಅಸ್ಸಾಂ ಒಂದೇ. ಇನ್ನೂ ಇದೆಯಾ?"